ಐದು ವರ್ಷ ಹಳೆಯ ಪಿಎಸ್5ಗೆ ಬೆಲೆ ಇಳಿಯುವ ಬದಲು ಏರಿದ್ದೇಕೆ?

ಸೇವ್‌ಪಾಯಿಂಟ್ ಕೇಳಿದ ಪ್ರಶ್ನೆ:

ಸೋನಿಯ ಗೇಮ್ ಕನ್ಸೋಲ್ ಪಿಎಸ್2 (ಪ್ಲೇಸ್ಟೇಷನ್ 2) ಅಮೆರಿಕದಲ್ಲಿ 2000ರ ಅಕ್ಟೋಬರ್‌ನಲ್ಲಿ 299 ಡಾಲರ್‌ಗೆ ಬಂತು. 2002ರ ಮೇ ತಿಂಗಳಿಗೆ 199, 2004ಕ್ಕೆ 149, 2009ಕ್ಕೆ 99. ಈಗ ಪಿಎಸ್5 ನೋಡಿ: 2020ರ ನವೆಂಬರ್‌ನಲ್ಲಿ ಡಿಸ್ಕ್ ಇರುವ ಮಾದರಿ 499, ಡಿಜಿಟಲ್ ಮಾದರಿ 399. 2025ರ ಆಗಸ್ಟ್ ಹೊತ್ತಿಗೆ ಅವು 549 ಮತ್ತು 499. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 499ಕ್ಕೆ ಶುರುವಾಗಿದ್ದು 2025ರಲ್ಲಿ ಎರಡು ಸಲ ಏರಿ 649 ಮುಟ್ಟಿತು. ಭಾರತದಲ್ಲಿ ಪಿಎಸ್5 ಬಂದಾಗ 49,990 ರೂಪಾಯಿ ಇದ್ದದ್ದು 2022ರ ನವೆಂಬರ್‌ನಲ್ಲಿ 54,990 ಆಯಿತು.

ಟಿವಿ, ಲ್ಯಾಪ್‌ಟಾಪ್, ಫೋನ್ ಯಾವುದಾದರೂ ಹಳೆಯದಾದಂತೆ ಅಗ್ಗವಾಗುತ್ತೆ. ಕನ್ಸೋಲ್ ಮಾತ್ರ ಯಾಕೆ ಉಲ್ಟಾ? "ಎಲ್ಲ ಅಮೆರಿಕದ ಸುಂಕದಿಂದ" ಅನ್ನೋ ಒಂದು ಸಾಲಿನ ಉತ್ತರ ದಯವಿಟ್ಟು ಬೇಡ. ಯುರೋಪ್, ಜಪಾನ್, ಭಾರತದಲ್ಲಿ ಬೆಲೆ ಏರಿದ್ದು 2025ರ ಆ ಸುಂಕಕ್ಕಿಂತ ಸುಮಾರು ಮೂರು ವರ್ಷ ಮೊದಲೇ. ಇನ್ನೊಂದು ವಿಷಯ: ಕಂಪನಿಗಳು ಕನ್ಸೋಲನ್ನು ನಷ್ಟಕ್ಕೆ ಮಾರುತ್ತವೆ ಅಂತಾರಲ್ಲ, ಅದು ನಿಜವಾದರೆ ಎಷ್ಟು ಆಟ ಮಾರಿದರೆ ಆ ನಷ್ಟ ತುಂಬುತ್ತೆ?

---

ವೇಫರ್‌ವಾಲ:

ಹಳೆಯ ಕನ್ಸೋಲ್‌ಗಳ ಬೆಲೆ ಇಳಿದದ್ದು ಕಂಪನಿಯ ಔದಾರ್ಯದಿಂದ ಅಲ್ಲ, ಚಿಪ್ ಚಿಕ್ಕದಾಗುತ್ತಿತ್ತು ಅನ್ನೋ ಕಾರಣಕ್ಕೆ. ಆ ದಾರಿ ಈಗ ಹೆಚ್ಚುಕಮ್ಮಿ ಮುಚ್ಚಿದೆ.

ಪಿಎಸ್2 ಲೆಕ್ಕ ತಗೊಳ್ಳಿ. ಮೊದಲ ಮಾದರಿಯಲ್ಲಿ ಎರಡು ದೊಡ್ಡ ಚಿಪ್: ಇಮೋಷನ್ ಎಂಜಿನ್ ಸುಮಾರು 240 ಚದರ ಮಿ.ಮೀ., ಗ್ರಾಫಿಕ್ಸ್ ಸಿಂಥಸೈಜರ್ ಸುಮಾರು 279. ಒಟ್ಟು 519. ನಾಲ್ಕೇ ವರ್ಷದಲ್ಲಿ 90 ನ್ಯಾನೋಮೀಟರ್ ತಂತ್ರಕ್ಕೆ (ಈ ಸಂಖ್ಯೆ ಇಳಿದಷ್ಟೂ ಚಿಪ್ ಒಳಗಿನ ಭಾಗಗಳು ಚಿಕ್ಕವು) ಬಂದು ಎರಡೂ ಒಂದೇ ಚಿಪ್ ಆದವು, ಅದರ ಗಾತ್ರ ಸುಮಾರು 86 ಚದರ ಮಿ.ಮೀ. ಅಂದರೆ ಆರನೇ ಒಂದು ಪಾಲು. ಉಳಿತಾಯ ಚಿಪ್‌ಗೇ ನಿಲ್ಲಲ್ಲ. ವಿದ್ಯುತ್ ಕಮ್ಮಿ ಬೇಕು, ಹಾಗಾಗಿ ಪವರ್ ಸಪ್ಲೈ ಚಿಕ್ಕದು, ಹೀಟ್‌ಸಿಂಕ್ ಚಿಕ್ಕದು, ಬೋರ್ಡ್ ಚಿಕ್ಕದು, ಡಬ್ಬ ಚಿಕ್ಕದು, ಒಂದು ಕಂಟೇನರ್‌ನಲ್ಲಿ ಹಿಡಿಸುವ ಡಬ್ಬಗಳ ಸಂಖ್ಯೆ ಜಾಸ್ತಿ. 2004ರ ತೆಳು ಪಿಎಸ್2 ಇದರ ಫಲ.

ಈಗ ಪಿಎಸ್5. ಮೊದಲ ಚಿಪ್ 7 ನ್ಯಾನೋಮೀಟರ್, ಸುಮಾರು 308 ಚದರ ಮಿ.ಮೀ. 2022ರಲ್ಲಿ 6 ನ್ಯಾನೋಮೀಟರ್‌ಗೆ ಬಂದಾಗ ಸುಮಾರು 260. 300 ಮಿ.ಮೀ. ವ್ಯಾಸದ ಒಂದು ವೇಫರ್‌ನಿಂದ, ಅಂದರೆ ಚಿಪ್‌ಗಳನ್ನು ಕತ್ತರಿಸಿ ತೆಗೆಯುವ ಸಿಲಿಕಾನ್ ಬಿಲ್ಲೆಯಿಂದ, ಎಷ್ಟು ಚಿಪ್ ಸಿಗುತ್ತೆ ಅಂತ ಮಾಮೂಲಿ ಸೂತ್ರ ಹಾಕಿ ನೋಡಿ (ವೇಫರ್ ವಿಸ್ತೀರ್ಣವನ್ನು ಚಿಪ್ ವಿಸ್ತೀರ್ಣದಿಂದ ಭಾಗಿಸಿ, ಅಂಚಿನಲ್ಲಿ ಹಾಳಾಗುವವನ್ನು ಕಳೆಯುವುದು): 308ಕ್ಕೆ ಸುಮಾರು 191, 260ಕ್ಕೆ ಸುಮಾರು 230. ಅಂದರೆ ಐದನೇ ಒಂದು ಪಾಲು ಹೆಚ್ಚು, ಅಷ್ಟೇ. 6 ನ್ಯಾನೋಮೀಟರ್ 7ರ ವಿನ್ಯಾಸ ನಿಯಮಗಳಿಗೆ ಹೊಂದುತ್ತೆ, ಆದ್ದರಿಂದ ಆ ಬದಲಾವಣೆ ಅಗ್ಗದಲ್ಲಿ ಮುಗೀತು. ಅದರಿಂದ ಮುಂದಕ್ಕೆ 5 ಅಥವಾ 4ಕ್ಕೆ ಹೋಗಬೇಕಾದರೆ ಇಡೀ ಚಿಪ್ಪನ್ನು ಹೊಸದಾಗಿ ವಿನ್ಯಾಸ ಮಾಡಿ ಹೊಸ ಮಾಸ್ಕ್ (ಚಿಪ್ ಮುದ್ರಿಸುವ ಅಚ್ಚು) ಮಾಡಿಸಬೇಕು. ವೇಫರ್ ದರವೂ ಮೇಲಿನದು. ಮೆಮೊರಿಗೆ ತಂತಿ ಜೋಡಿಸುವ ಭಾಗ ಹೊಸ ತಂತ್ರದಲ್ಲೂ ಅಷ್ಟಾಗಿ ಚಿಕ್ಕದಾಗಲ್ಲ, ಹಾಗಾಗಿ ಗಾತ್ರದಲ್ಲಿ ಸಿಗುವ ಲಾಭವನ್ನು ವೇಫರ್ ದರವೇ ತಿಂದುಹಾಕುತ್ತೆ.

ಮೆಮೊರಿ ಕಥೆ ಜನ ಗಮನಿಸಿಲ್ಲ. ಮೊದಲ ಪಿಎಸ್4ನಲ್ಲಿ 8 ಜಿಬಿಗೆ 16 ಮೆಮೊರಿ ಚಿಪ್ ಇದ್ದವು. ಆಮೇಲೆ ದುಪ್ಪಟ್ಟು ಸಾಂದ್ರತೆಯವು ಬಂದು 1200 ಸರಣಿಯ ಮಾದರಿಯಲ್ಲಿ 8ಕ್ಕೆ ಇಳಿದವು. ಪಿಎಸ್5 ಶುರುವಾಗಿದ್ದೇ 8 ಚಿಪ್‌ನಿಂದ. 256 ಬಿಟ್ ಬಸ್ (ಮೆಮೊರಿಗೂ ಮುಖ್ಯ ಚಿಪ್‌ಗೂ ನಡುವಿನ ದಾರಿ), ಒಂದೊಂದು ಚಿಪ್‌ಗೆ 32 ಬಿಟ್, ಆದ್ದರಿಂದ 8ಕ್ಕಿಂತ ಕಮ್ಮಿ ಮಾಡಿದರೆ ಮೆಮೊರಿಯ ವೇಗವೇ ಬೀಳುತ್ತೆ. ಇಳಿಸಲು ಜಾಗವೇ ಇಲ್ಲ. ಅದರ ಮೇಲೆ 2025ರ ಕೊನೆಗೆ ಎಐ ಸರ್ವರ್‌ಗಳ ಮೆಮೊರಿಗೆ ಕಾರ್ಖಾನೆಗಳು ತಿರುಗಿಕೊಂಡು ಎಲ್ಲ ಬಗೆಯ ರ್‍ಯಾಮ್ ದರವೂ ಜಿಗಿಯಿತು.

ಚಿಪ್ ಕಾರ್ಖಾನೆಯಲ್ಲಿ ಹಾಳಾಗುವ ಪ್ರಮಾಣ ಕಮ್ಮಿ ಮಾಡಲು ಬೇರೆ ಉಪಾಯ ಇದೆ: ಕೆಲವು ಘಟಕಗಳನ್ನು ಮೊದಲೇ ಬಿಟ್ಟುಕೊಡುವುದು. ಪಿಎಸ್5 ಚಿಪ್‌ನಲ್ಲಿ 40 ಗ್ರಾಫಿಕ್ಸ್ ಘಟಕ ಇವೆ, ಕೆಲಸ ಮಾಡುವುದು 36. ಸೀರೀಸ್ ಎಕ್ಸ್‌ನಲ್ಲಿ 56ಕ್ಕೆ 52. ಪಿಎಸ್3ರ ಪ್ರೊಸೆಸರ್ ಸೆಲ್‌ನಲ್ಲಿ 8 ಸಹಾಯಕ ಘಟಕಕ್ಕೆ 7. ಹೀಗೆ ಬಿಟ್ಟುಕೊಟ್ಟಷ್ಟು ಘಟಕಗಳಲ್ಲಿ ದೋಷವಿದ್ದರೂ ಆ ಚಿಪ್ ಮಾರಬಹುದು. ಆದರೆ ಇದು ಮೊದಲ ದಿನದಿಂದಲೇ ಲೆಕ್ಕಕ್ಕೆ ಸೇರಿದ ಉಳಿತಾಯ, ಐದು ವರ್ಷ ಆದಮೇಲೆ ಇದರಿಂದ ಹೊಸದಾಗಿ ಏನೂ ಹುಟ್ಟಲ್ಲ.

ಒಂದು ಸ್ವಾರಸ್ಯ ಸೇರಿಸಿಬಿಡ್ತೀನಿ. ಎಕ್ಸ್‌ಬಾಕ್ಸ್ 360ರ ಸಿಪಿಯು (ಮುಖ್ಯ ಪ್ರೊಸೆಸರ್) ಮತ್ತು ಜಿಪಿಯು (ಗ್ರಾಫಿಕ್ಸ್ ಚಿಪ್) 2010ರಲ್ಲಿ 45 ನ್ಯಾನೋಮೀಟರ್‌ನ ಒಂದೇ ಚಿಪ್ ಆದವು. ಒಂದೇ ಚಿಪ್ ಒಳಗಿದ್ದರೆ ಮಾತುಕತೆ ವೇಗವಾಗಿ ನಡೆಯುತ್ತೆ, ಆದರೆ ಹಳೆಯ ಆಟಗಳು ಹಳೆಯ ವೇಗಕ್ಕೇ ಹೊಂದಿಕೊಂಡಿದ್ದವು. ಅದಕ್ಕೆ ಬೇಕೆಂತಲೇ ತಡ ಮಾಡುವ ಒಂದು ಭಾಗವನ್ನು ಚಿಪ್ ಒಳಗೆ ಸೇರಿಸಬೇಕಾಯಿತು. ಕನ್ಸೋಲನ್ನು ಅಗ್ಗ ಮಾಡಬಹುದು, ಚುರುಕು ಮಾಡುವ ಹಾಗಿಲ್ಲ.

---

ಲೆಕ್ಕದಬುಕ್ಕು:

ಎರಡನೇ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ನಷ್ಟಕ್ಕೆ ಮಾರುವುದು ನಿಜ, ಆದರೆ ಎಲ್ಲರೂ ಅಲ್ಲ, ಎಲ್ಲ ಕಾಲಕ್ಕೂ ಅಲ್ಲ. ಮೈಕ್ರೋಸಾಫ್ಟ್ ವಿಷಯ ಪ್ರಮಾಣ ಮಾಡಿ ಹೇಳಿದ ಮಾತಾಗಿಯೇ ದಾಖಲಾಗಿದೆ: 2021ರ ಮೇನಲ್ಲಿ ಎಪಿಕ್ ಮತ್ತು ಆಪಲ್ ಮೊಕದ್ದಮೆಯಲ್ಲಿ ಮೈಕ್ರೋಸಾಫ್ಟ್‌ನ ಅಧಿಕಾರಿ ಲೋರಿ ರೈಟ್, ಎಕ್ಸ್‌ಬಾಕ್ಸ್ ಯಂತ್ರ ಮಾರಿ ಕಂಪನಿ ಎಂದೂ ಲಾಭ ಮಾಡಿಲ್ಲ ಎಂದು ಸಾಕ್ಷಿ ಹೇಳಿದರು. 2022ರಲ್ಲಿ, ಆಗ ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ ಒಂದೊಂದು ಯಂತ್ರಕ್ಕೆ 100ರಿಂದ 200 ಡಾಲರ್ ಕೈಯಿಂದ ಹಾಕುತ್ತೇವೆ ಎಂದರು. ಸೋನಿ ಬೇರೆ: 2021ರ ಆಗಸ್ಟ್‌ನಲ್ಲೇ, ಅಂದರೆ ಬಿಡುಗಡೆಯಾಗಿ ಒಂಬತ್ತು ತಿಂಗಳಿಗೆ, 499ರ ಪಿಎಸ್5 ಇನ್ನು ನಷ್ಟದಲ್ಲಿಲ್ಲ ಎಂದು ಅವರ ಹಣಕಾಸು ಮುಖ್ಯಸ್ಥರು ಹೇಳಿದ್ದರು.

ಈಗ ಲೆಕ್ಕ. ಡಿಜಿಟಲ್ ಅಂಗಡಿಯಲ್ಲಿ ಬೇರೆ ಕಂಪನಿಯ ಆಟ ಮಾರಾಟವಾದರೆ ವೇದಿಕೆಯವರ ಪಾಲು ಸಾಮಾನ್ಯವಾಗಿ ಶೇ 30. 70 ಡಾಲರ್ ಆಟಕ್ಕೆ 21. ಯಂತ್ರಕ್ಕೆ 100 ಡಾಲರ್ ನಷ್ಟವಿದ್ದರೆ ಪೂರ್ತಿ ಬೆಲೆಯ ಐದು ಆಟ ಬೇಕು, 200 ಇದ್ದರೆ ಹತ್ತು. ಪೂರ್ತಿ ಬೆಲೆಯ ಅನ್ನೋದನ್ನು ಮರೆಯಬೇಡಿ. ರಿಯಾಯಿತಿಯಲ್ಲಿ 20 ಡಾಲರ್‌ಗೆ ಕೊಂಡ ಆಟದಿಂದ ಬರುವುದು 6. ಸೆಕೆಂಡ್‌ಹ್ಯಾಂಡ್ ಡಿಸ್ಕ್‌ನಿಂದ ಬರುವುದು ಸೊನ್ನೆ. ಡಿಸ್ಕ್ ಇಲ್ಲದ ಮಾದರಿಯನ್ನು 100 ಡಾಲರ್ ಕಡಿಮೆಗೆ ಕೊಟ್ಟದ್ದರ ಗುಟ್ಟು ಇಲ್ಲಿದೆ. ಡ್ರೈವ್‌ಗೆ 100 ಡಾಲರ್ ಖರ್ಚಾಗಲ್ಲ. ಆ ಗಿರಾಕಿ ಮುಂದೆ ಪ್ರತಿ ಆಟವನ್ನೂ ಅವರ ಅಂಗಡಿಯಿಂದಲೇ ಕೊಳ್ಳಬೇಕು, ಅಷ್ಟು ಬೆಲೆ ಆ ಬೀಗಕ್ಕೆ.

ಚಂದಾ ಬೇರೆ. ಪಿಎಸ್3ರಲ್ಲಿ ಆನ್‌ಲೈನ್ ಆಟ ಪುಕ್ಕಟೆ, ಪಿಎಸ್4ರಿಂದ ಪಿಎಸ್ ಪ್ಲಸ್ ಬೇಕು (ಪುಕ್ಕಟೆ ಆಟಗಳಿಗೆ ಬೇಡ). ಅದರ ಕೆಳಗಿನ ಹಂತದ ವಾರ್ಷಿಕ ಚಂದಾ 2023ರ ಸೆಪ್ಟೆಂಬರ್‌ನಲ್ಲಿ 59.99ರಿಂದ 79.99 ಡಾಲರ್ ಆಯಿತು. ಐದು ವರ್ಷಕ್ಕೆ 400. 399ಕ್ಕೆ ಸಿಕ್ಕಿದ ಯಂತ್ರದ ಬೆಲೆ ಇನ್ನೊಂದು ಸಲ ಕೊಟ್ಟ ಹಾಗೆ.

"ರೇಜರ್ ಅಗ್ಗ, ಬ್ಲೇಡ್ ದುಬಾರಿ" ಅಂತ ಎಲ್ಲರೂ ಹೇಳುತ್ತಾರೆ. ಆ ಹೋಲಿಕೆ ಕೆಡುವ ಜಾಗಗಳೇ ಹೆಚ್ಚು ಕಲಿಸುತ್ತವೆ.

ಮೊದಲನೆಯದು, ಯಂತ್ರ ಮಾರುವವನೂ ಆಟದ ಪಾಲು ಪಡೆಯುವವನೂ ಬೇರೆ ಬೇರೆ ಆದರೆ ಏನಾಗುತ್ತೆ? 1993ರ 3ಡಿಓ. ಟ್ರಿಪ್ ಹಾಕಿನ್ಸ್ ಕಂಪನಿ ವಿನ್ಯಾಸ ಮಾಡಿ ಪ್ಯಾನಸೋನಿಕ್‌ನಂಥವರಿಗೆ ತಯಾರಿಸಲು ಕೊಟ್ಟಿತು. ಒಂದು ಡಿಸ್ಕ್‌ಗೆ 3 ಡಾಲರ್ ರಾಯಲ್ಟಿ 3ಡಿಓಗೆ. ಪ್ಯಾನಸೋನಿಕ್‌ಗೆ ಆಟದಿಂದ ಏನೂ ಬರಲ್ಲ, ಹಾಗಾಗಿ ಲಾಭವನ್ನು ಯಂತ್ರದಲ್ಲೇ ಇಟ್ಟರು. ಬೆಲೆ 699 ಡಾಲರ್. ಅದು ಮಾರುಕಟ್ಟೆಯಲ್ಲಿ ಸೋತಿತು.

ಎರಡನೆಯದು, ಯಂತ್ರ ಕೊಂಡು ಆಟವನ್ನೇ ಕೊಳ್ಳದ ಗಿರಾಕಿ. 2006ರಲ್ಲಿ ಪಿಎಸ್3ರ ಭಾಗಗಳ ವೆಚ್ಚವನ್ನು ಐಸಪ್ಲೈ ಸಂಸ್ಥೆ ಬಿಚ್ಚಿ ಅಂದಾಜು ಮಾಡಿತು: 20 ಜಿಬಿಗೆ 805.85, 60 ಜಿಬಿಗೆ 840.85 ಡಾಲರ್. ಮಾರಿದ್ದು 499 ಮತ್ತು 599ಕ್ಕೆ. ಇಷ್ಟು ಅಗ್ಗದ ಕಂಪ್ಯೂಟರ್, ಅದರಲ್ಲಿ ಲಿನಕ್ಸ್ (ಮಾಮೂಲಿ ಕಂಪ್ಯೂಟರ್‌ಗಳ ಕಾರ್ಯಾಚರಣಾ ವ್ಯವಸ್ಥೆ) ಬೇರೆ ಹಾಕಬಹುದಿತ್ತು. ಅಮೆರಿಕದ ವಾಯುಪಡೆ 1,700ಕ್ಕೂ ಹೆಚ್ಚು ಪಿಎಸ್3 ಜೋಡಿಸಿ ಕಾಂಡರ್ ಎಂಬ ಸೂಪರ್‌ಕಂಪ್ಯೂಟರ್ ಕಟ್ಟಿತು. ಅವು ಒಂದು ಆಟದ ಡಿಸ್ಕನ್ನೂ ಕಂಡಿರಲಾರವು. 2009ರ ತೆಳು ಪಿಎಸ್3ರಲ್ಲಿ ಲಿನಕ್ಸ್ ಸೌಲಭ್ಯವೇ ಬರಲಿಲ್ಲ, 2010ರ ಏಪ್ರಿಲ್‌ನ 3.21 ಫರ್ಮ್‌ವೇರ್ ಹಳೆಯವುಗಳಿಂದಲೂ ಕಿತ್ತುಹಾಕಿತು. ಸೋನಿ ಕೊಟ್ಟ ಕಾರಣ ಭದ್ರತೆ. ನಷ್ಟಕ್ಕೆ ಮಾರುವ ಯಂತ್ರಕ್ಕೆ ಬೀಗ ಹಾಕುವುದು ವ್ಯಾಪಾರದ ದೃಷ್ಟಿಯಿಂದ ಅನಿವಾರ್ಯ ಅನ್ನೋದು ನನ್ನ ಅಭಿಪ್ರಾಯ.

ಮೂರನೆಯದು, ವೆಚ್ಚ ಇಳಿಯದ ಭಾಗ ಆರಿಸಿಕೊಳ್ಳುವುದು. ಮೊದಲ ಎಕ್ಸ್‌ಬಾಕ್ಸ್‌ನಲ್ಲಿ ಹಾರ್ಡ್‌ಡಿಸ್ಕ್ ಇತ್ತು. ಹಾರ್ಡ್‌ಡಿಸ್ಕ್‌ನಲ್ಲಿ ಮೋಟಾರು, ಹೆಡ್, ಲೋಹದ ಪೆಟ್ಟಿಗೆ ಇರಲೇಬೇಕು. ಕಾಲ ಕಳೆದಂತೆ ಅದೇ ದುಡ್ಡಿಗೆ ಹೆಚ್ಚು ಜಿಬಿ ಸಿಗುತ್ತೆ, ಆದರೆ ಒಂದು ಮಟ್ಟಕ್ಕಿಂತ ದುಡ್ಡು ಇಳಿಯಲ್ಲ. ಜಿಪಿಯು ಎನ್ವಿಡಿಯಾದ ಸ್ವತ್ತು, ಚಿಪ್ ದರಕ್ಕಾಗಿ ಇಬ್ಬರೂ ಮಧ್ಯಸ್ಥಿಕೆಯವರೆಗೆ ಹೋದರು. ಹೀಗಿರುವಾಗ 2002ರ ಮೇನಲ್ಲಿ ಸೋನಿ 299ರಿಂದ 199ಕ್ಕೆ ಇಳಿಸಿದ ಮರುದಿನವೇ ಮೈಕ್ರೋಸಾಫ್ಟ್ ಕೂಡ ಇಳಿಸಬೇಕಾಯಿತು. ಸೋನಿಯ ಚಿಪ್ ಕುಗ್ಗುತ್ತಿತ್ತು, ಇವರದು ಬೇರೆಯವರ ಕೈಯಲ್ಲಿತ್ತು. ಪಾಠ ಕಲಿತು 360ರಲ್ಲಿ ಚಿಪ್ ವಿನ್ಯಾಸದ ಹಕ್ಕು ತಾವೇ ಪಡೆದುಕೊಂಡರು, 299ರ ಕೋರ್ ಮಾದರಿಯಿಂದ ಹಾರ್ಡ್‌ಡಿಸ್ಕ್ ತೆಗೆದರು. ಅದರಿಂದ ಹೊಸ ತಲೆನೋವು: ಎಲ್ಲರ ಹತ್ತಿರ ಹಾರ್ಡ್‌ಡಿಸ್ಕ್ ಇಲ್ಲ, ಆದ್ದರಿಂದ ಆಟ ಮಾಡುವವರು ಅದನ್ನು ನಂಬಿ ಬರೆಯುವ ಹಾಗಿಲ್ಲ.

---

ಬೆಲ್ಲದ_ಬಟನ್:

ಅಲ್ರೀ, ಇಬ್ಬರೂ ಸೋನಿ, ಮೈಕ್ರೋಸಾಫ್ಟ್ ಅಂತ ಹೇಳಾಕತ್ತೀರಿ. ನಿಂಟೆಂಡೊ ಲೆಕ್ಕಾನ ಬ್ಯಾರೆ ಐತಿ, ಅದನ್ನ ಬಿಟ್ರ ಈ ಚರ್ಚಾ ಅರ್ಧಾ.

ವೀ 2006ರಾಗ 249.99 ಡಾಲರ್, ಡಬ್ಬಿ ಒಳಗ ವೀ ಸ್ಪೋರ್ಟ್ಸ್ ಆಟಾನೂ ಇತ್ತು. ಅದರ ಚಿಪ್ಪು ಗೇಮ್‌ಕ್ಯೂಬ್ ವಿನ್ಯಾಸದ್ದ ಮುಂದುವರಿಕೆ, ಎಚ್‌ಡಿ ಇಲ್ಲ, ಡಿವಿಡಿ ಸಿನಿಮಾನೂ ಓಡಂಗಿಲ್ಲ. ಮೊದಲ ದಿನದಿಂದ ಒಂದೊಂದು ಯಂತ್ರದ ಮ್ಯಾಲೂ ಲಾಭ. 10 ಕೋಟಿಗಿಂತ ಹೆಚ್ಚು ಮಾರಿದ್ರು. ಅದ ಹೊತ್ತಿಗೆ ಸೋನಿಯ ಆಟದ ವಿಭಾಗ 2007ರ ಮಾರ್ಚಿಗೆ ಮುಗಿದ ವರ್ಷದಾಗ 232.3 ಬಿಲಿಯನ್ ಯೆನ್ ನಷ್ಟ ತೋರಿಸಿತ್ತು. ಅಗ್ಗದ ಯಂತ್ರ ಮಾಡಾಕ ನಷ್ಟ ಮಾಡಬೇಕಂತಿಲ್ಲ, ಹಳೇ ಭಾಗ ಹಾಕಿದ್ರೂ ಆಗತೈತಿ.

ಆದ್ರ ನಿಂಟೆಂಡೊನೂ ಎಡವೇತಿ. ಕೈಯಾಗ ಹಿಡಿದು ಆಡೂ 3ಡಿಎಸ್ 2011ರ ಮಾರ್ಚ್ 27ಕ್ಕ ಅಮೆರಿಕಾದಾಗ 249.99ಕ್ಕ ಬಂತು. ಆಟ ಇರಲಿಲ್ಲ, ಜನ ತಗೋಳಲಿಲ್ಲ. ಆಗಸ್ಟ್ 12ಕ್ಕ 169.99ಕ್ಕ ಇಳಿಸಿದ್ರು. ಜಪಾನದಾಗ 25,000 ಯೆನ್ ಇದ್ದದ್ದು 15,000. ಅಮೆರಿಕಾದಾಗ ಐದು ತಿಂಗಳೂ ತುಂಬಿರಲಿಲ್ಲ ನೋಡ್ರಿ. ಇಂಥಾ ಇಳಿಕೆಯಾಗ ದೊಡ್ಡ ಅಪಾಯ ಯಾವುದಂದ್ರ, ಮೊದಲ ತಗೊಂಡವರು ಸಿಟ್ಟಾಗ್ತಾರ, ಮುಂದಿನ ಸಲ "ಕಾದು ನೋಡೋಣ" ಅಂತಾರ. ಅದಕ್ಕ ಮೊದಲ ತಗೊಂಡವರಿಗೆ ರಾಯಭಾರಿ ಅಂತ ಹೆಸರು ಕೊಟ್ಟು 20 ಹಳೇ ಆಟ ಪುಕ್ಕಟ ಕೊಟ್ರು, 10 ಎನ್ಇಎಸ್‌ದು, 10 ಗೇಮ್‌ಬಾಯ್ ಅಡ್ವಾನ್ಸ್‌ದು. ಆಗಿನ ನಿಂಟೆಂಡೊ ಮುಖ್ಯಸ್ಥ ಇವಾಟಾ ತಮ್ಮ ಪಗಾರ ಅರ್ಧಾ ಮಾಡಿಕೊಂಡ್ರು. ಯಂತ್ರ ನಷ್ಟಕ್ಕ ಮಾರಬೇಕಾತು, ಅದಕ್ಕ ಯೆನ್ ಬಿಗಿಯಾಗಿದ್ದೂ ಕೂಡಿ ಆ ವರ್ಷ 37.3 ಬಿಲಿಯನ್ ಯೆನ್ ಕಾರ್ಯಾಚರಣೆ ನಷ್ಟ. ಆದ್ರ ಯಂತ್ರ ಉಳೀತು. ಬೆಲೆ ಇಳಿಸೂದಾದ್ರ ಹಿಂಗ ಒಮ್ಮೆಲೇ, ದೊಡ್ಡದಾಗಿ, ದೊಡ್ಡ ಆಟ ಬರೂ ಮುಂಚೆ ಇಳಿಸಬೇಕು. ಅದ ವರ್ಷದ ಕೊನೀಗೆ ಮಾರಿಯೊ ಆಟ ಎರಡು ಬಂದ್ವು, ಅಲ್ಲಿಂದ ಓಡಿತು. ಹತ್ತು ಹತ್ತು ಡಾಲರ್ ಇಳಿಸ್ಕೋತ ಹೋಗಿದ್ರ ಯಾರೂ ತಿರುಗಿ ನೋಡ್ತಿರಲಿಲ್ಲ.

ಸ್ವಿಚ್ ಇನ್ನೂ ಗಟ್ಟಿ. 2017ರಾಗ 299.99. ಅಮೆರಿಕಾದಾಗ ಆ ಪಟ್ಟಿ ಬೆಲೆ ಇಳಿಸಲೇ ಇಲ್ಲ. ಅಗ್ಗ ಬೇಕಂದವರಿಗೆ 2019ರಾಗ 199.99ರ ಲೈಟ್, ಚೊಲೋದು ಬೇಕಂದವರಿಗೆ 2021ರಾಗ 349.99ರ ಓಎಲ್ಇಡಿ. ಎಂಟು ವರ್ಷದ ಮ್ಯಾಲ 2025ರ ಆಗಸ್ಟಿಗೆ ಅದ ಹಳೇ ಸ್ವಿಚ್ಚಿಗೆ 339.99 ಮಾಡಿದ್ರು. ಹಿಂಗಾಗಿ "ಹಳೇದಾದ್ರ ಅಗ್ಗ" ಅನ್ನೂ ನಿಯಮ ಮುರಿದವರೊಳಗ ಮೊದಲನೇದು ಪಿಎಸ್5 ಅಲ್ಲ.

---

ಸೇವ್‌ಪಾಯಿಂಟ್:

ಚಿಪ್ ಲೆಕ್ಕ ಅರ್ಥ ಆಯ್ತು, ಧನ್ಯವಾದ. ಆದರೆ ವೆಚ್ಚ ಇಳಿಯದಿದ್ದರೂ ಪೈಪೋಟಿ ಇದ್ದರೆ ಒಬ್ಬರು ಇನ್ನೊಬ್ಬರನ್ನು ಕೆಳಗೆಳೆಯಬೇಕಲ್ಲ? 2002ರಲ್ಲಿ ಮರುದಿನವೇ ಇಳಿಸಿದವರು 2025ರಲ್ಲಿ ಒಬ್ಬರ ಹಿಂದೆ ಒಬ್ಬರು ಏರಿಸ್ತಾರೆ ಅಂದರೆ ಏನರ್ಥ?

---

ಹಳೇಕಾರ್ಟ್ರಿಜ್:

ಪೈಪೋಟಿ ಬೆಲೆ ಇಳಿಸುವುದು ಎರಡು ಸಂದರ್ಭದಲ್ಲಿ: ಗಿರಾಕಿ ಇನ್ನೂ ಯಾರ ಕಡೆಯೂ ವಾಲದೆ ನಿಂತಿದ್ದಾಗ, ಮತ್ತು ಸೋತವನಿಗೆ ಇನ್ನೂ ಗೆಲ್ಲುವ ಆಸೆ ಇದ್ದಾಗ. 2025ರಲ್ಲಿ ಎರಡೂ ಇರಲಿಲ್ಲ.

ವಾಲದೆ ನಿಂತ ಗಿರಾಕಿಗೆ 1995ರಷ್ಟು ಒಳ್ಳೆ ಉದಾಹರಣೆ ಇಲ್ಲ. ಮೇ 11, ವಿಡಿಯೊ ಗೇಮ್‌ಗಳ ಮೊದಲ ಇ3 ಪ್ರದರ್ಶನ. ಸೆಗಾ ಕಂಪನಿ ವೇದಿಕೆ ಮೇಲೆ ನಿಂತು ತನ್ನ ಹೊಸ ಕನ್ಸೋಲ್ ಸ್ಯಾಟರ್ನ್ 399 ಡಾಲರ್, ಸೆಪ್ಟೆಂಬರ್‌ಗಲ್ಲ, ಇವತ್ತೇ ಅಂಗಡಿಯಲ್ಲಿ ಎಂದಿತು. ಅದೇ ದಿನ ಸೋನಿಯ ಸ್ಟೀವ್ ರೇಸ್ ಮೈಕ್ ಮುಂದೆ ಬಂದು ಮೊದಲ ಪ್ಲೇಸ್ಟೇಷನ್‌ನ ಬೆಲೆ "299" ಎಂದಷ್ಟೇ ಹೇಳಿ ಇಳಿದರು. ಜನರಿಗೆ ನೆನಪಿರುವುದು ಇಷ್ಟೇ. ಆದರೆ ಸೆಗಾ ಕೆಟ್ಟದ್ದು ಬರೀ ನೂರು ಡಾಲರ್‌ಗಲ್ಲ. ಹಠಾತ್ ಬಿಡುಗಡೆಗೆ ಬೇಕಾದಷ್ಟು ಯಂತ್ರ ಇರಲಿಲ್ಲ, ಕೆಲವೇ ಅಂಗಡಿ ಸರಪಳಿಗಳಿಗೆ ಕೊಟ್ಟರು. ಬಿಟ್ಟುಹೋದ ಕೆಬಿ ಟಾಯ್ಸ್ ಸಿಟ್ಟಾಗಿ ಸ್ಯಾಟರ್ನ್ ಮಾರುವುದನ್ನೇ ನಿಲ್ಲಿಸಿತು. ಸೆಪ್ಟೆಂಬರ್‌ಗೆ ಆಟ ಸಿದ್ಧಮಾಡುತ್ತಿದ್ದ ಹೊರಗಿನ ಕಂಪನಿಗಳ ಆಟಗಳು ಬಿಡುಗಡೆ ದಿನ ಇರಲೇ ಇಲ್ಲ. ಮೇಲೆ ಸ್ಯಾಟರ್ನ್ ಒಳಗೆ ಎರಡು ಮುಖ್ಯ ಪ್ರೊಸೆಸರ್, ಎರಡು ವಿಡಿಯೊ ಚಿಪ್, ಧ್ವನಿಗೆ ಬೇರೆ. ಇಷ್ಟೊಂದು ಚಿಪ್ ಇರುವ ಬೋರ್ಡಿನ ವೆಚ್ಚ ಬೇಗ ಇಳಿಸಲು ಆಗಲ್ಲ. ಸೋನಿ 1996ರಲ್ಲಿ 199, 1997ರಲ್ಲಿ 149 ಅಂತ ಇಳಿಸುತ್ತಾ ಹೋದ ಹಾಗೆ ಸೆಗಾ ಪ್ರತಿ ಮೆಟ್ಟಿಲಿಗೂ ನೆತ್ತರು ಚೆಲ್ಲಿತು. ಸೆಗಾದ ಮುಂದಿನ ಯಂತ್ರ ಡ್ರೀಮ್‌ಕ್ಯಾಸ್ಟ್‌ನಲ್ಲೂ ಅದೇ: 199, 149, ಕೊನೆಗೆ 99, ನಡುವೆ ದೀರ್ಘ ಅವಧಿಯ ಇಂಟರ್ನೆಟ್ ಚಂದಾಕ್ಕೆ ಒಪ್ಪಿದವರಿಗೆ ಯಂತ್ರದ ದುಡ್ಡೇ ವಾಪಸ್. 2001ರ ಮಾರ್ಚ್‌ನಲ್ಲಿ ತಯಾರಿಕೆ ನಿಂತಿತು.

2013 ಇದಕ್ಕಿಂತ ನಾಜೂಕು. ಪಿಎಸ್4 399, ಎಕ್ಸ್‌ಬಾಕ್ಸ್ ಒನ್ 499. ಐಎಚ್‌ಎಸ್ ಎಂಬ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ ಪಿಎಸ್4 ತಯಾರಿಕೆಗೆ 381 ಡಾಲರ್, ಎಕ್ಸ್‌ಬಾಕ್ಸ್ ಒನ್‌ಗೆ 471, ಅದರಲ್ಲಿ ಕಿನೆಕ್ಟ್ ಕ್ಯಾಮೆರಾದ ಪಾಲೇ 75. ಅಂದರೆ ನೂರು ಡಾಲರ್ ಅಂತರದಲ್ಲಿ ಮುಕ್ಕಾಲು ಭಾಗ ಜನ ಕೇಳದ ಒಂದು ಕ್ಯಾಮೆರಾ. ಸೋನಿ ತನ್ನ ಕ್ಯಾಮೆರಾವನ್ನು ಬೇರೆಯಾಗಿ 59.99ಕ್ಕೆ ಮಾರಿತು. ಏಳು ತಿಂಗಳಾದಮೇಲೆ, 2014ರ ಜೂನ್‌ನಲ್ಲಿ, ಕಿನೆಕ್ಟ್ ಇಲ್ಲದ 399ರ ಎಕ್ಸ್‌ಬಾಕ್ಸ್ ಬಂತು, ಕಿನೆಕ್ಟ್‌ಗೆ ಮೀಸಲಿಟ್ಟಿದ್ದ ಶೇ 10ರಷ್ಟು ಗ್ರಾಫಿಕ್ಸ್ ಶಕ್ತಿಯೂ ಆಟಗಳಿಗೆ ಸಿಕ್ಕಿತು. ಅಷ್ಟರಲ್ಲಿ ಗೆಳೆಯರ ಬಳಗಗಳು ಪಿಎಸ್4 ಕಡೆ ಹೋಗಿಯಾಗಿತ್ತು. ಆನ್‌ಲೈನ್ ಆಡುವವನು ಗೆಳೆಯರಿರುವ ಕಡೆಗೇ ಹೋಗುತ್ತಾನೆ. ಆ ಪೀಳಿಗೆಯಲ್ಲೇ ಜನ ಡಿಜಿಟಲ್ ಆಟ ಕೊಳ್ಳಲು ಶುರುಮಾಡಿದರು. ಅವು ಪಿಎಸ್5ನಲ್ಲೂ ಓಡುತ್ತವೆ, ಎಕ್ಸ್‌ಬಾಕ್ಸ್‌ನಲ್ಲಿ ಓಡಲ್ಲ. ಹತ್ತು ವರ್ಷದ ಆಟಗಳ ಗಂಟು ಬಿಟ್ಟು 50 ಡಾಲರ್ ಉಳಿಸಲು ಯಾರು ಪಕ್ಷ ಬದಲಿಸುತ್ತಾರೆ? ಹೀಗಾಗಿ ಬೆಲೆ ಇಳಿಸಿದರೂ ಎದುರಾಳಿಯ ಗಿರಾಕಿ ಬರಲ್ಲ, ಬರೀ ತನ್ನ ಲಾಭ ಹೋಗುತ್ತೆ.

ಸೀರೀಸ್ ಎಕ್ಸ್‌ನ ಅಗ್ಗದ ಜೊತೆಗಾರ ಸೀರೀಸ್ ಎಸ್ ಕೊನೆಯ ನಿಜವಾದ ಬೆಲೆ ದಾಳಿ. 197 ಚದರ ಮಿ.ಮೀ. ಚಿಪ್, ವೇಫರ್‌ವಾಲ ಅವರ ಸೂತ್ರವನ್ನೇ ಹಾಕಿದರೆ ಒಂದು ವೇಫರ್‌ಗೆ ಸುಮಾರು 311, ಸೀರೀಸ್ ಎಕ್ಸ್‌ನ 360ರ ಚಿಪ್‌ಗೆ 161. ಮೆಮೊರಿ 16ರ ಬದಲು 10 ಜಿಬಿ. ಆ 6 ಜಿಬಿಯೇ ಮುಳ್ಳಾಯಿತು. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಎಂಬ ಆಟ ಪರದೆ ಇಬ್ಭಾಗ ಮಾಡಿ ಇಬ್ಬರು ಆಡುವ ಸೌಲಭ್ಯವನ್ನು ಸೀರೀಸ್ ಎಸ್‌ನಲ್ಲಿ ಓಡಿಸಲಾಗದೆ ಎಕ್ಸ್‌ಬಾಕ್ಸ್‌ಗೆ ತಿಂಗಳುಗಟ್ಟಲೆ ತಡವಾಯಿತು, ಕೊನೆಗೆ ಎಸ್‌ಗೆ ಆ ಸೌಲಭ್ಯ ಬಿಟ್ಟು ಬಿಡುಗಡೆ ಮಾಡಿದರು. ಅಗ್ಗದ ಮಾದರಿ ಇಡೀ ಪೀಳಿಗೆಗೆ ಕೆಳಮಿತಿ ಆಗಿಬಿಡುತ್ತೆ. ಗ್ರಾಫಿಕ್ಸ್ ಶಕ್ತಿ ಕಮ್ಮಿಯಾದರೆ ಚಿತ್ರದ ಗಾತ್ರ ಇಳಿಸಿ ಸಂಭಾಳಿಸಬಹುದು, ಮೆಮೊರಿ ಕಮ್ಮಿಯಾದರೆ ಆಗಲ್ಲ.

ಆಮೇಲೆ ಮೈಕ್ರೋಸಾಫ್ಟ್ ತನ್ನ ಆಟಗಳನ್ನು ಪಿಎಸ್5ಗೂ ಕೊಡಲು ಶುರುಮಾಡಿತು. ಯಂತ್ರ ಮಾರುವ ಹಟವೇ ಇಲ್ಲದ ಎದುರಾಳಿ 200 ಡಾಲರ್ ಯಾಕೆ ಸುರಿಯುತ್ತಾನೆ? ಅವರು 2025ರ ಮೇನಲ್ಲಿ ಏರಿಸಿದರು, ಆಗಸ್ಟ್‌ನಲ್ಲಿ ಸೋನಿ, ಅಕ್ಟೋಬರ್‌ನಲ್ಲಿ ಮತ್ತೆ ಅವರು. ಒಬ್ಬರು ಏರಿಸಿದರೆ ಇನ್ನೊಬ್ಬರಿಗೆ ದಾರಿ ಸುಗಮ. ಕೂತು ಮಾತಾಡಿಕೊಂಡು ಮಾಡಬೇಕಾದ ಕೆಲಸ ಏನಲ್ಲ.

---

ಟೋಕಿಯೊದಿಂದ_ತುಮಕೂರು:

ದೇಶದಿಂದ ದೇಶಕ್ಕೆ ಬೆಲೆ ಬೇರೆಯಾಗುವ ವಿಷಯ ಯಾರೂ ಮುಟ್ಟಿಲ್ಲ. ಊರಿಗೆ ಬರುವ ನೆಂಟರ ಕೈಲಿ ತರಿಸುವವರಿಗೆ ಇದು ತಿಳಿದಿರಬೇಕು.

ಯೆನ್ ಕುಸಿದಾಗ ಜಪಾನ್ ಬೆಲೆ ಡಾಲರ್ ಲೆಕ್ಕದಲ್ಲಿ ತುಂಬಾ ಅಗ್ಗವಾಗಿ ಕಾಣುತ್ತೆ. ಹೊರದೇಶದವರು ಸಗಟಾಗಿ ಕೊಂಡೊಯ್ದರೆ ಜಪಾನಿನವರಿಗೇ ಯಂತ್ರ ಇಲ್ಲ. ಸೋನಿ ಮೊದಲು ಬೆಲೆ ಏರಿಸಿ ನೋಡಿತು: 2024ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಪಿಎಸ್5 79,980 ಯೆನ್ ಆಯಿತು. ನಿಂಟೆಂಡೊ ಇನ್ನೊಂದು ದಾರಿ ಹಿಡಿಯಿತು. 2025ರ ಸ್ವಿಚ್ 2ಕ್ಕೆ ಅಲ್ಲಿ ಎರಡು ಮಾದರಿ, 49,980 ಯೆನ್‌ಗೆ ಜಪಾನಿ ಭಾಷೆಯದ್ದು ಮಾತ್ರ, 69,980ಕ್ಕೆ ಎಲ್ಲ ಭಾಷೆಯದ್ದು. 20,000 ಯೆನ್ ವ್ಯತ್ಯಾಸ, ಹಾರ್ಡ್‌ವೇರ್ ಒಂದೇ. 2025ರ ನವೆಂಬರ್‌ನಲ್ಲಿ ಸೋನಿಯೂ 55,000 ಯೆನ್‌ಗೆ ಜಪಾನಿ ಭಾಷೆಯ ಡಿಜಿಟಲ್ ಪಿಎಸ್5 ತಂದಿತು.

ಅಗ್ಗದ್ದನ್ನು ತರಿಸಿದರೆ ಏನು ಕೆಡುತ್ತೆ: ಮೆನು ಜಪಾನಿ ಬಿಟ್ಟು ಬೇರೆ ಭಾಷೆಗೆ ತಿರುಗಲ್ಲ. ಜಪಾನ್ ಪ್ರದೇಶದ ಖಾತೆ ಮಾತ್ರ ಜೋಡಿಸಬಹುದು, ನಿಮ್ಮ ಹಳೆಯ ಖಾತೆ ಬೇರೆ ದೇಶದ್ದಾಗಿದ್ದರೆ ಅದರಲ್ಲಿ ಕೊಂಡ ಆಟ ನೇರವಾಗಿ ಬರಲ್ಲ. ಜಪಾನಿನ ನಿಂಟೆಂಡೊ ಆನ್‌ಲೈನ್ ಅಂಗಡಿ 2025ರ ಮಾರ್ಚ್‌ನಿಂದ ಹೊರದೇಶದ ಕ್ರೆಡಿಟ್ ಕಾರ್ಡ್ ತಗೊಳ್ಳಲ್ಲ, ಪ್ರಿಪೇಯ್ಡ್ ಕಾರ್ಡ್ ತರಿಸಬೇಕು. ತರಿಸುವವರು ಡಬ್ಬದ ಮೇಲೆ ಬರೆದಿರುವ ಭಾಷಾ ಮಾಹಿತಿಯ ಫೋಟೋ ಮೊದಲೇ ಕೇಳಿ ಪಡೆಯಿರಿ.

ಭಾರತದ ಬೆಲೆಗೆ ಆಮದು ಸುಂಕ ಸೇರಿ, ಅದರ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತೆ. ಡಾಲರ್ ಎದುರು ರೂಪಾಯಿ ಇಳಿದರೆ ಕಂಪನಿ ಒಂದೋ ಲಾಭ ಬಿಡಬೇಕು, ಇಲ್ಲ ಬೆಲೆ ಏರಿಸಬೇಕು. ನಿಂಟೆಂಡೊ ಇಲ್ಲಿ ಅಧಿಕೃತವಾಗಿ ಮಾರುವುದೇ ಇಲ್ಲ, ನಮ್ಮ ಅಂಗಡಿಗಳಲ್ಲಿ ಕಾಣುವ ಸ್ವಿಚ್ ಎಲ್ಲ ಹೊರಗಿಂದ ತರಿಸಿದವು. ವಾರಂಟಿ ಅಂತ ಅಂಗಡಿಯವರು ಹೇಳಿದರೆ ಅದು ಅಂಗಡಿಯವರದೇ ವಾರಂಟಿ, ರಸೀದಿಯಲ್ಲಿ ಬರೆಸಿಕೊಳ್ಳಿ.

---

ಲೆಕ್ಕದಬುಕ್ಕು:

ಇನ್ನೊಂದು ಸೇರಿಸಬೇಕು. ಪಟ್ಟಿ ಬೆಲೆ ಇಳಿಯದಿದ್ದರೂ ಇಳಿಕೆ ಬೇರೆ ರೂಪದಲ್ಲಿ ನಡೆಯುತ್ತಿದೆ, ಏರಿಕೆಯೂ ಹಾಗೆಯೇ.

ಇಳಿಕೆ ಈಗ ಹಬ್ಬದ ಮಾರಾಟಕ್ಕೆ ಸೀಮಿತ. 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿಸಿದ ಸೋನಿ ನವೆಂಬರ್‌ನ ಬ್ಲ್ಯಾಕ್ ಫ್ರೈಡೇಗೆ 100 ಇಳಿಸಿ ಡಿಜಿಟಲ್ ಮಾದರಿಯನ್ನು ಮತ್ತೆ 399ಕ್ಕೆ ಕೊಟ್ಟಿತು. ಪಟ್ಟಿ ಬೆಲೆ ಒಮ್ಮೆ ಇಳಿಸಿದರೆ ಮತ್ತೆ ಏರಿಸುವುದು ಕಷ್ಟ, ಎರಡು ವಾರದ ರಿಯಾಯಿತಿಯನ್ನು ನಿಲ್ಲಿಸಿದರೆ ಯಾರೂ ಬೈಯಲ್ಲ. ಅವಸರವಿರುವವನು ಪೂರ್ತಿ ಕೊಡುತ್ತಾನೆ, ಕಾಯುವವನಿಗೆ ಕಮ್ಮಿಗೆ ಸಿಗುತ್ತೆ, ಕಂಪನಿಗೆ ಇಬ್ಬರೂ ಸಿಗುತ್ತಾರೆ. ನಮ್ಮಲ್ಲೂ ಪಿಎಸ್5 ಮೇಲೆ ಆಗಾಗ ಕೆಲವು ಸಾವಿರ ರೂಪಾಯಿ ಇಳಿಯುತ್ತೆ, ಅದು ಕಂಪನಿಯೇ ಕೊಡುವ ರಿಯಾಯಿತಿ ಆಗಿದ್ದರೆ ಎಲ್ಲ ಅಂಗಡಿಯಲ್ಲೂ ಒಂದೇ ದಿನ ಒಂದೇ ಬೆಲೆ ಕಾಣುತ್ತೆ. ಒಂದೇ ಕಡೆ ಮಾತ್ರ ಕಂಡರೆ ಬ್ಯಾಂಕ್ ಕಾರ್ಡ್ ಷರತ್ತೋ, ಹಳೆ ಮಾದರಿಯ ದಾಸ್ತಾನೋ ನೋಡಿಕೊಳ್ಳಿ.

ಏರಿಕೆಯನ್ನು ಡಬ್ಬದ ಒಳಗೆ ಹುಡುಕಬೇಕು. 2023ರ ತೆಳು ಪಿಎಸ್5 ಜೊತೆ ಅಮೆರಿಕದ ಡಿಜಿಟಲ್ ಬೆಲೆ ಸದ್ದಿಲ್ಲದೆ 399ರಿಂದ 449 ಆಯಿತು, ನಿಲ್ಲಿಸುವ ಸ್ಟ್ಯಾಂಡ್ ಬೇರೆ ಕೊಳ್ಳಬೇಕಾಯಿತು, ಡಿಸ್ಕ್ ಡ್ರೈವ್ ಬೇಕಾದವರಿಗೆ ಇನ್ನೊಂದು 79.99. 2024ರ ಪ್ರೊ 699, ಅದರಲ್ಲೂ ಡ್ರೈವ್ ಇಲ್ಲ. 2025ರಲ್ಲಿ ಯುರೋಪಿಗೆ ಬಂದ ಡಿಜಿಟಲ್ ಮಾದರಿಯಲ್ಲಿ ಸಂಗ್ರಹ 1 ಟಿಬಿಯಿಂದ 825 ಜಿಬಿಗೆ ವಾಪಸ್, ಬೆಲೆ ಅಷ್ಟೇ. ಕೊಳ್ಳುವಾಗ ಹೆಸರು ನೋಡಿದರೆ ಸಾಲದು, ಡಬ್ಬದ ಮೇಲಿನ ಮಾದರಿ ಸಂಖ್ಯೆ ಮತ್ತು ಜಿಬಿ ಎರಡನ್ನೂ ಓದಿ.